ಮುತ್ತಜ್ಜನ ಪಲ್ಟನ್ ಬಾವುಟ

ಮೈಸೂರು
22 ಸೆಪ್ಟೆಂಬರ್ 2024

ಅಮ್ಮ,

ಊಟ ಸರಿಯಾಗಿದೆ, ಜ್ವರ ಇಲ್ಲ, ಸ್ವೆಟರ್ ಕಳೆದಿಲ್ಲ. ನೀನು ಕೇಳುವುದಕ್ಕೆಲ್ಲ ಮೊದಲೇ ಉತ್ತರ ಕೊಟ್ಟಾಯಿತು. ಈಗ ನಾನು ಕೇಳುವುದನ್ನು ಸಮಾಧಾನವಾಗಿ ಓದು. ಫೋನಿನಲ್ಲಿ ನಿನಗೆ ಕಿವಿ ಕೇಳುವುದಿಲ್ಲ. ಮೆಸೇಜ್ ಮಾಡೋಣವೆಂದರೆ ಮನೆಯಲ್ಲಿರುವ ಫೋನು ಚಿಕ್ಕಪ್ಪನದು. ಅದಕ್ಕೇ ಕಾಗದ.

ನಮ್ಮ ಕಾಲೇಜಿನ ಎಕ್ಸಿಬಿಷನ್ನಿಗೆ ಹಳೇ ಸೈನ್ಯದ ಬಾವುಟಗಳನ್ನು ತಂದಿದ್ದ ಮೋಹನ್ ಕುಮಾರ್ ಸರ್ ಬಗ್ಗೆ ಹೇಳಿದ್ದೆನಲ್ಲ. ನಾನೂ ನನ್ನ ರೂಮ್‌ಮೇಟ್ ಪವಿತ್ರಾನೂ ಈಗ ಭಾನುವಾರ ಅವರ ಮನೆಗೆ ಹೋಗಿ ಬಾವುಟಗಳಿಗೆ ಚೀಟಿ ಬರೆದುಕೊಡುತ್ತೇವೆ. ಅವರ ಹೆಂಡತಿ ಅವಲಕ್ಕಿ ಕೊಡುತ್ತಾರೆ. ಹಜಾರದ ತುಂಬ ಬಾವುಟ. ಯಾವುದನ್ನೂ ಮಡಿಸುವ ಹಾಗಿಲ್ಲ, ಮಡಿಸಿದರೆ ರೇಷ್ಮೆ ಮಡಿಕೆಯಲ್ಲೇ ಸೀಳುತ್ತದಂತೆ. ರಟ್ಟಿನ ಕೊಳವೆಗೆ ಸುತ್ತಿಡುತ್ತಾರೆ. ಯಾವ ಪಲ್ಟನ್ನಿನದು, ಯಾವ ಕಾಲದ್ದು, ಅಸಲಿಯೋ ನಕಲಿಯೋ ಎಂದು ಗುರುತು ಹಿಡಿಯುವುದನ್ನು ನಮಗೆ ಕಲಿಸುತ್ತಿದ್ದಾರೆ. ಹೊಲಿಗೆ ಕೈಯದೋ ಮಿಷಿನ್ನಿನದೋ ನೋಡಬೇಕು. ಲಾಂಛನವನ್ನು ಎರಡು ಮಗ್ಗುಲಿಗೂ ಬೇರೆ ಬೇರೆಯಾಗಿ ಕಸೂತಿ ಹಾಕಿದ್ದಾರೋ ನೋಡಬೇಕು. ಕೋಲು ತೂರಿಸುವ ಅಂಚಿನಲ್ಲಿ ಚರ್ಮದ ಪಟ್ಟಿ, ಮೊಳೆ ಹೊಡೆದ ತೂತು ಇವೆಯೋ ನೋಡಬೇಕು. ಕೊನೆಗೆ ಕತ್ತಲು ಮಾಡಿ ಯುವಿ ಟಾರ್ಚು ಬಿಡಬೇಕು, ಅಂಗಡಿಗಳಲ್ಲಿ ಕಳ್ಳನೋಟು ಹಿಡಿಯಲು ಇಟ್ಟಿರುತ್ತಾರಲ್ಲ, ಆ ಥರದ್ದು. ಹಳೇ ನೂಲು ಸುಮ್ಮನೆ ಮಂಕಾಗಿರುತ್ತದೆ. ಈಚಿನ ನೂಲಾದರೆ ನೀಲಿಗೆ ಉರಿಯುತ್ತದೆ.

ಇವತ್ತು ಹಾಸನದ ಕಡೆಯ ಅಜ್ಜ ಒಬ್ಬರು ಒಂದು ಬಾವುಟ ತಂದಿದ್ದರು. ಸರ್ ಅವರಿಗೆ ಕೂರಿ ಅನ್ನುವ ಮೊದಲೇ, “ಒಗೆದಿದ್ದೀರಾ ಯಜಮಾನ್ರೇ? ಸೋಪು ಗೀಪು ಹಾಕಿದ್ದೀರಾ?” ಅಂದರು. ಪವಿತ್ರಾ ನನ್ನ ಕಿವಿಯಲ್ಲಿ, “ಡ್ರೈಕ್ಲೀನಿಂಗ್ ಅಂಗಡಿ ಇಟ್ಟವ್ರೆ ಕಣೇ ಇವ್ರು” ಅಂದಳು. ಸರ್ ಕಿಟಕಿ ಮುಚ್ಚಿ ಟಾರ್ಚು ಹಿಡಿದಾಗಲೂ ನಗು ತಡೆಯಲಿಕ್ಕೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದೆ. ಟಾರ್ಚಿನ ಬೆಳಕು ಆ ಕೈ ಮೇಲೆ ಬಿತ್ತು.

ಅಮ್ಮ, ನನ್ನ ಕೈಯಲ್ಲಿರುವ ಎಳೆ ಉರಿಯಿತು. ಐದನೇ ಕ್ಲಾಸಿಗೆ ಹಾಸ್ಟೆಲ್ಲಿಗೆ ಬಿಡುವ ದಿನ ಮುತ್ತಜ್ಜನ ಬಾವುಟದ ಕುಚ್ಚಿನಿಂದ ಎಳೆದು ಕಟ್ಟಿದೆಯಲ್ಲ, ಅದೇ. ಮುತ್ತಜ್ಜ ಮಹಾರಾಜರ ಪಲ್ಟನ್ನಿನಲ್ಲಿ ಮರಳುಗಾಡಿನ ಯುದ್ಧಕ್ಕೆ ಹೋಗಿ, ಜೊತೆಯವರು ಸತ್ತರೂ ಆ ಬಾವುಟ ಹೊದ್ದುಕೊಂಡು ಜೀವಂತ ಬಂದ, ಅದಕ್ಕೇ ಅದನ್ನು ದೇವರ ಪೆಟ್ಟಿಗೆಗೆ ಹೊದಿಸುತ್ತೇವೆ, ಅದರ ಎಳೆ ಕಟ್ಟಿದ ಮಕ್ಕಳು ಎಲ್ಲಿಗೆ ಹೋದರೂ ಮನೆಗೆ ವಾಪಸ್ ಬರುತ್ತಾರೆ ಎಂದು ನೀನು ಹೇಳಿದ್ದೆ. ಹಾಸ್ಟೆಲ್ಲಿನಲ್ಲಿ ದೀಪ ಆರಿಸಿದ ಮೇಲೆ ಆ ಎಳೆ ಹಿಡಿದುಕೊಂಡೇ ನಿದ್ದೆ ಮಾಡುತ್ತಿದ್ದೆ. ನೂರು ವರ್ಷದ ಎಳೆ ಉರಿಯಬಾರದಲ್ಲ?

ಸರ್ ನನ್ನ ಕೈ ನೋಡಿದರು. “ಆ ಬಟ್ಟೆ ಈಗ್ಲೂ ಮನೇಲೇ ಇದ್ಯೇನಮ್ಮ?” ಅಂತ ಮಾತ್ರ ಕೇಳಿದರು.

ಇದೆಯಾ ಅಮ್ಮ? ಪೆಟ್ಟಿಗೆ ಮೇಲೆ ಇರುವುದು ಅದೇನಾ? ನೋಡಿ ಬರೆ. ಚಿಕ್ಕಪ್ಪನಿಗೆ ಹೇಳಬೇಡ.

ನಿನ್ನ
ಸೌಮ್ಯ


ಹಾಲ್ಕುರಿಕೆ
2 ಅಕ್ಟೋಬರ್ 2024

ಸೌಮ್ಯ,

ಕಾಗದ ಬಂತು. ಓದಿ ನಗು ಬಂತು, ಆಮೇಲೆ ನಗು ನಿಂತಿತು.

ಬಾವುಟ ಇದೆ. ಎದ್ದು ಹೋಗಿ ಮುಟ್ಟಿ ನೋಡಿ ಬಂದು ಬರೆಯುತ್ತಿದ್ದೇನೆ. ಮೂಲೆಯಲ್ಲಿ ಇಲಿ ಕಡಿದಿದ್ದಕ್ಕೆ ನಾನು ಹಾಕಿದ ತೇಪೆ ಹಾಗೇ ಇದೆ. ಈ ಮನೆಗೆ ಸೊಸೆಯಾಗಿ ಬಂದ ವರ್ಷದಿಂದ ಶಿವರಾತ್ರಿ ಹಿಂದಿನ ದಿನ ಅದನ್ನು ಮಡಿಯಲ್ಲಿ ಒಗೆಯುವವಳು ನಾನೇ. ಅತ್ತೆ ಇದ್ದಾಗ ಅಂಟುವಾಳದ ಕಾಯಿ ನೆನೆಸಿ ಒಗೆಯುತ್ತಿದ್ದೆವು. ಹಿತ್ತಿಲಿನ ಅಂಟುವಾಳದ ಮರ ರಸ್ತೆ ಅಗಲ ಮಾಡುವಾಗ ಹೋದ ಮೇಲೆ ಅಂಗಡಿಯ ಸೋಪಿನ ಪುಡಿಯೇ ಗತಿ. ದೇವರಿಗೆ ಅದರಿಂದೇನೂ ಬೇಜಾರಾದ ಹಾಗೆ ಕಾಣಲಿಲ್ಲ. ಬಾವುಟದ ಮೇಲಿನ ಆ ಎರಡು ತಲೆ ಹಕ್ಕಿ ನನ್ನ ಕೈಯಲ್ಲಿ ಎಷ್ಟು ಸಲ ಮಿಂದಿದೆಯೋ. ಬದಲಾಗಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲವೇ?

ದೇವರ ಬಟ್ಟೆಯನ್ನು ಕಳ್ಳನೋಟಿನ ಹಾಗೆ ಬೆಳಕು ಬಿಟ್ಟು ನೋಡುತ್ತಾರೇನೇ? ಓದಲಿಕ್ಕೆ ಹೋದವಳು ಓದು. ಚಿಕ್ಕಪ್ಪನಿಗೆ ಹೇಳಬೇಡ ಅಂದಿದ್ದೀಯ, ಹೇಳಿಲ್ಲ. ಆದರೆ ಯಾಕೆ ಹೇಳಬಾರದು ಅಂತ ನೀನು ಬರೆದಿಲ್ಲ.

ದೀಪಾವಳಿಗೆ ಬಾ. ನಿನಗೆ ಅಂತ ಕೊಬ್ಬರಿಮಿಠಾಯಿ ಎತ್ತಿಡುತ್ತೇನೆ.

ಇಂತಿ ನಿನ್ನ ಅಮ್ಮ,
ಶಾಂತಕುಮಾರಿ


ಮೈಸೂರು
10 ನವೆಂಬರ್ 2024

ಅಮ್ಮ,

ಹಬ್ಬದಲ್ಲಿ ನಾನು ಸರಿಯಾಗಿ ಊಟ ಮಾಡಲಿಲ್ಲ ಎಂದು ನಿನಗೆ ಬೇಜಾರು. ಬಸ್ ಹತ್ತುವಾಗ ಏನೋ ಕೇಳಲು ಬಂದೆ, ಕೇಳಲಿಲ್ಲ. ನಾನೂ ಹೇಳಲಿಲ್ಲ. ಚಿಕ್ಕಪ್ಪ ಪಕ್ಕದಲ್ಲೇ ಬ್ಯಾಗು ಹಿಡಿದು ನಿಂತಿದ್ದರು.

ನೀನು ಹಾಲು ಕರೆಯಲು ಹಟ್ಟಿಗೆ ಹೋದಾಗ ದೇವರ ಕೋಣೆಯ ಬಾಗಿಲು ಮುಂದೆ ಮಾಡಿ ಟಾರ್ಚು ಬಿಟ್ಟೆ. ಆನ್‌ಲೈನಿನಲ್ಲಿ ತರಿಸಿದ್ದೆ. ಅಮ್ಮ, ಇಡೀ ಬಾವುಟ ಉರಿಯಿತು. ಹಕ್ಕಿಯ ಎರಡು ತಲೆಯೂ, ರೆಕ್ಕೆಯೂ, ಕುಚ್ಚೂ, ನೀನು ಹಾಕಿದ ತೇಪೆಯೂ, ಎಲ್ಲ ಒಂದೇ ನೀಲಿ. ಹಕ್ಕಿಯ ಕೆಳಗೆ ನಾವು ಬಳ್ಳಿ ಕಸೂತಿ ಅಂದುಕೊಂಡಿದ್ದೆವಲ್ಲ, ಅದು ಬಳ್ಳಿಯಲ್ಲ. ಇಂಗ್ಲಿಷ್ ಅಕ್ಷರ, ಅದರ ಪಕ್ಕ ಒಂದು ನಂಬರು. ಪಲ್ಟನ್ನಿನ ಗುರುತು. ನಕಲಿ ಮಾಡಿದವರು ಅದನ್ನೂ ಬಿಡದೆ ಮಾಡಿದ್ದಾರೆ ಅನ್ನಿಸಿತು. ಹೇಗೋ ಒಂದು ಫೋಟೊ ತೆಗೆದೆ. ಹೊರಗೆ ಬಂದಾಗ ಚಿಕ್ಕಪ್ಪ ಜಗಲಿಯಲ್ಲಿ ಕೂತು, “ಏನಮ್ಮಿ, ದೇವ್ರತ್ರ ಏನ್ ಬೇಡ್ಕೊಂಡೆ? ಫಸ್ಟ್ ಕ್ಲಾಸಾ?” ಅಂದರು. ಅವರ ಮುಖ ನೋಡಲಾಗಲಿಲ್ಲ.

ಇಲ್ಲಿಗೆ ಬಂದು ಮೋಹನ್ ಕುಮಾರ್ ಸರ್‌ಗೆ ಎಲ್ಲ ಹೇಳಿದೆ. ಫೋಟೊ ತೋರಿಸಲು ಕೈ ಬರಲಿಲ್ಲ, ಬಾಯಲ್ಲೇ ಹೇಳಿದೆ. ಹಕ್ಕಿ ಎರಡು ಮಗ್ಗುಲಿಗೂ ಬೇರೆ ಬೇರೆಯಾಗಿದೆಯಾ ಅಂದರು, ಹೌದು ಅಂದೆ. ಚರ್ಮದ ಪಟ್ಟಿ? ಇದೆ ಅಂದೆ. ಎದ್ದು ಕಿಟಕಿ ಹತ್ತಿರ ಹೋಗಿ ನಿಂತರು. ಆಮೇಲೆ, “ಉರಿದ್ಮೇಲೆ ಮುಗೀತಮ್ಮ. ಒಳ್ಳೇ ಕಾಪಿ. ಅಸಲಿ ಯಾವತ್ತೋ ಯಾರ ಕೈಗೋ ಹೋಗಿದೆ. ನಿಮಗಂತೂ ಅದರಿಂದ ಉಪಯೋಗ ಇಲ್ಲ. ಬೇಕಾದ್ರೆ ಹೋಲಿಸಿ ನೋಡಕ್ಕೆ ನಾನು ಇಟ್ಕೋತೀನಿ, ಊರ ಕಡೆ ಬಂದಾಗ ತಗೊಂಡ್ಹೋಗ್ತೀನಿ” ಅಂದರು.

ಯಾರ ಕೈಗೆ ಹೋಗಿದೆ ಎಂದು ನನಗೆ ಗೊತ್ತು, ನಿನಗೂ ಗೊತ್ತು. ಹೆಂಚು ತೆಗೆಸಿ ತಾರಸಿ ಹಾಕಿಸಿದ ವರ್ಷ ದೇವರ ಪೆಟ್ಟಿಗೆ ಎಲ್ಲಿತ್ತು? ಕೊಬ್ಬರಿ ಅಟ್ಟದಲ್ಲಿ. ಅಟ್ಟದ ಬೀಗದ ಕೈ ಯಾರ ಸೊಂಟದಲ್ಲಿತ್ತು? ನೀನು ಹೇಳುವುದಿಲ್ಲ, ಆ ಮನೆಯಲ್ಲಿ ಇರಬೇಕಲ್ಲ. ಅಪ್ಪ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ನನಗೀಗ ಬಸ್ಸಿನಲ್ಲಿ ಕೂತರೆ ಬಸ್ಸು ಉರುಳುತ್ತದೆ ಅನ್ನಿಸುತ್ತದೆ. ಕಾರಿಡಾರಿನಲ್ಲಿ ಯಾರಾದರೂ ಓಡಿದರೆ ನಿನಗೇನೋ ಆಯಿತು ಅನ್ನಿಸುತ್ತದೆ. ಇಷ್ಟು ವರ್ಷ ಬರೀ ನೂಲು ಹಿಡಿದುಕೊಂಡು ಮಲಗಿದ್ದೆ.

ಸರ್ ಬಂದರೆ ಕೊಟ್ಟುಬಿಡು. ಅದನ್ನು ಇನ್ನು ನೋಡಲಾರೆ.

ಸೌಮ್ಯ


ಹಾಲ್ಕುರಿಕೆ
20 ನವೆಂಬರ್ 2024

ಸೌಮ್ಯ,

ನಿನ್ನ ಕಾಗದವನ್ನು ಪೋಸ್ಟಿನವನು ಕೊಬ್ಬರಿ ಅಟ್ಟದ ಹತ್ತಿರ ನಿನ್ನ ಚಿಕ್ಕಪ್ಪನ ಕೈಗೆ ಕೊಟ್ಟ. ಹಬ್ಬ ಮುಗಿಸಿ ಹೋದವಳಿಂದ ಇಷ್ಟು ಬೇಗ ಕಾಗದ ಬಂತಲ್ಲ, ಮಗುವಿಗೆ ಮೈ ಸರಿಯಿಲ್ಲವೇನೋ ಎಂದು ಹೆದರಿ ಒಡೆದರಂತೆ. ಅಲ್ಲೇ ಓದಿದ್ದಾರೆ.

ನನ್ನೆದುರು ನಿಂತು, ತುಟಿ ಕಾಣುವ ಹಾಗೆ, ನಿಧಾನವಾಗಿ ಮಾತಾಡುವವರು ಈ ಊರಿನಲ್ಲಿ ನಿನ್ನ ಚಿಕ್ಕಪ್ಪ ಹಾಲಸ್ವಾಮಿ ಒಬ್ಬರೇ. ನಿನ್ನ ಅಪ್ಪ ಹೋದ ಮೇಲೆ ಯಾರೂ ಹೇಳಿಕೊಡದೆ ಕಲಿತರು. ಅವತ್ತೂ ಹಾಗೇ ನಿಂತು ಹೇಳಿದರು. “ಓದಿ ಅತ್ಗೆ. ನಿಮ್ಮ ಮಗ್ಳು ನಂಗೆ ಕಳ್ಳನ ಪಟ್ಟ ಕಟ್ಟವ್ಳೆ.” ಅಷ್ಟು ಹೇಳಿ ಆ ಕಡೆ ತಿರುಗಿಕೊಂಡು ಇನ್ನೇನೋ ಅಂದರು. ಬೆನ್ನು ಕಂಡಿತು, ಮಾತು ಸಿಗಲಿಲ್ಲ.

ಸಂಜೆ ಮತ್ತೆ ಬಂದರು. “ಅಸಲಿ ಅಲ್ಲ ಅಂತ ಓದಿದೋರೇ ಅಂದ್ಮೇಲೆ ದೇವರ ಪೆಟ್ಗೆ ಮೇಲೆ ಯಾಕಿರ್ಬೇಕು? ತೆಗೀರಿ ಅತ್ಗೆ. ಅದು ಅಲ್ಲಿರೋ ತನಕ ನಾನು ಕಳ್ಳನೇ” ಅಂದರು. ಏನು ಹೇಳಲಿ? ನಾನು ಏಳನೇ ಕ್ಲಾಸಿನವಳು. ನೀನು ಬೆಳಕು ಬಿಟ್ಟು ನೋಡಿದವಳು. ನನ್ನ ಕೈಗೆ ಗೊತ್ತಿದ್ದದ್ದು ಸುಳ್ಳು ಅಂತ ನೀನು ಬರೆದ ಮೇಲೆ, ಕೈಗೂ ಅನುಮಾನ ಬಂತು.

ಆದರೆ ನಿಮ್ಮ ಸರ್‌ಗೆ ಕೊಡಲು ಆಗುವುದಿಲ್ಲ. ದೇವರಿಗೆ ಹೊದಿಸಿದ್ದು ನಕಲಿಯಾದರೂ ಇನ್ನೊಬ್ಬರ ಮನೆಗೆ ಹೋಗುವ ಹಾಗಿಲ್ಲ. ಹಳತಾದರೆ, ಮುಕ್ಕಾದರೆ, ತೆಂಗಿನ ಬುಡಕ್ಕೆ. ಅದು ನಮ್ಮ ಮನೆಯ ಪದ್ಧತಿ. ಬರುವ ಕಾರ್ತಿಕ ಸೋಮವಾರ ನಿನ್ನ ಅಪ್ಪ ನೆಟ್ಟ ತೆಂಗಿನ ಬುಡದಲ್ಲಿ ಹೂಳುತ್ತೇವೆ.

ಚಳಿ ಶುರುವಾಗಿದೆ. ಕಿವಿಗೆ ಕಟ್ಟಿಕೋ.

ಅಮ್ಮ


ಮೈಸೂರು
26 ನವೆಂಬರ್ 2024

ಅಮ್ಮ, ಹೂತಿದ್ದರೆ ತೆಗೆ. ಮೊದಲು ಅದನ್ನು ಮಾಡು, ಆಮೇಲೆ ಮುಂದಕ್ಕೆ ಓದು.

ನಿನ್ನ ಕಾಗದ ಇವತ್ತು ಕೈಗೆ ಬಂತು. ಸೋಮವಾರ ನಿನ್ನೆಯೇ ಆಗಿಹೋಗಿದೆ.

ಅದು ಅಸಲಿ. ನೀನು ಹೇಳಿದ್ದೇ ಸರಿ. ಪವಿತ್ರಾ ಟಾರ್ಚು ಹಿಡಿದು ರೂಮಿನಲ್ಲೆಲ್ಲ ಆಟ ಆಡುತ್ತಿದ್ದಳು. ನನ್ನ ಮಂಚದ ಮೇಲೆ ಬಿಟ್ಟಳು. ಅಜ್ಜಿಯ ಸೀರೆಗಳಿಂದ ಹೊಲಿದ ಕೌದಿ ಇದೆಯಲ್ಲ, ಅದು ಧಗಧಗ ನೀಲಿಗೆ ಉರಿಯಿತು. “ಏನೇ ಇದು, ನಿಮ್ಮಜ್ಜಿ ಸೀರೇನೂ ಡೂಪ್ಲಿಕೇಟಾ?” ಅಂದಳು. ಅಜ್ಜಿಯ ಮದುವೆ ಸೀರೆಯ ಚೂರು ಅದರಲ್ಲಿದೆ ಅಮ್ಮ. ಪವಿತ್ರಾ ಕೆಮಿಸ್ಟ್ರಿಯವಳು. “ಅಯ್ಯೋ ಪೆದ್ದೀ, ಸೋಪಿನ ಪುಡಿ ಕಣೇ. ಬಟ್ಟೆ ಬೆಳ್ಳಗೆ ಕಾಣ್ಲಿ ಅಂತ ಅದ್ರಲ್ಲಿ ಒಂದು ಕೆಮಿಕಲ್ ಹಾಕಿರ್ತಾರೆ. ಅದು ನೂಲಿಗೆ ಅಂಟ್ಕೊಂಡು ಉರಿಯುತ್ತೆ. ಎಷ್ಟು ಹಳೇ ಬಟ್ಟೆ ಆದ್ರೂ ಉರಿಯುತ್ತೆ” ಅಂದಳು. ಅಂಟುವಾಳದ ಮರ ಹೋದ ಮೇಲೆ ಸೋಪಿನ ಪುಡಿ ಎಂದು ನೀನು ಬರೆದಿದ್ದೆ. ನನ್ನ ಕೈಯ ಎಳೆಯನ್ನು ನಾನೇ ದಿನಾ ಬಟ್ಟೆಯ ಬಕೆಟ್ಟಿನಲ್ಲಿ ಅದ್ದುತ್ತೇನೆ. ಓದಿದ್ದೆ, ಕಂಡಿದ್ದೆ, ತಲೆಗೆ ಹೋಗಲಿಲ್ಲ.

ಸರ್‌ಗೆ ಇದು ಗೊತ್ತು. ಗೊತ್ತಿರುವುದಕ್ಕೇ ಆ ಅಜ್ಜನನ್ನು ಮೊದಲು ಒಗೆದಿದ್ದೀರಾ ಎಂದು ಕೇಳಿದ್ದು. ನನ್ನನ್ನು ಕೇಳಲಿಲ್ಲ. ಬೇಕೆಂದೇ ಕೇಳಲಿಲ್ಲ. ಈಗ ಅವರ ಹೆಂಡತಿಗೆ ಫೋನ್ ಮಾಡಿದರೆ, “ನಿಮ್ಮ ಕಡೆಗೇ ಹೊರಡ್ತಾ ಇದಾರಮ್ಮ, ಅರಸೀಕೆರೇಲಿ ಏನೋ ಕೆಲಸ ಮುಗಿಸ್ಕೊಂಡು ತಿಪಟೂರಿಗೆ” ಅಂದರು.

ಚಿಕ್ಕಪ್ಪ ನನ್ನ ಫೋನ್ ಎತ್ತುತ್ತಿಲ್ಲ. ಮೆಸೇಜ್ ಹಾಕಿದೆ, ತೆರೆದೂ ನೋಡಿಲ್ಲ. ಔಟ್‌ಪಾಸ್ ಕೇಳಿದರೆ ವಾರ್ಡನ್, “ಗಾರ್ಡಿಯನ್ ಹತ್ರ ಮಾತಾಡ್ಸು” ಅಂದರು. ಫಾರಂನಲ್ಲಿ ಇರುವುದು ಅವರದೇ ಹೆಸರು. ವಾರ್ಡನ್ ಮಾಡಿದರೂ ಎತ್ತಲಿಲ್ಲ. ನಾಳೆಯಿಂದ ಇಂಟರ್ನಲ್ಸ್.

ಸ್ಪೀಡ್ ಪೋಸ್ಟ್ ಮಾಡುತ್ತೇನೆ. ಬೇಗ ತಲುಪಲಿ. ಚಿಕ್ಕಪ್ಪನೇ ಒಡೆದು ಓದಲಿ. ಚಿಕ್ಕಪ್ಪ, ಓದುತ್ತಿದ್ದರೆ, ತಪ್ಪಾಯಿತು. ಮೊದಲು ಅದನ್ನು ತೆಗೀರಿ.

ಸೌಮ್ಯ


ಹಾಲ್ಕುರಿಕೆ
6 ಡಿಸೆಂಬರ್ 2024

ಮಗಳೇ,

ನಿನ್ನ ಕಾಗದಕ್ಕಿಂತ ಮೊದಲು ಅವನ ಕಾರು ಬಂತು.

ಗುರುವಾರ ಮಧ್ಯಾಹ್ನ. ನಾನು ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದೆ. ಒಳ್ಳೆಯ ಷರ್ಟು, ಬಗಲಲ್ಲಿ ಉದ್ದನೆಯ ರಟ್ಟಿನ ಕೊಳವೆ. ಕೈ ಮುಗಿದ. ಏನೋ ಹೇಳಿದ, ಅವಸರದ ತುಟಿ, ನನಗೆ ಸಿಗಲಿಲ್ಲ. ಚಿಕ್ಕಪ್ಪ ಬಂದು ಕೂರಿಸಿದರು. ಅವರ ಮಾತು ಮಾತ್ರ ನನಗೆ ತಿಳಿಯುತ್ತಿತ್ತು. “ಅದಾ ಸ್ವಾಮಿ? ನಕಲಿ ಅಂತ ನೀವೇ ಹೇಳಿದ್ರಂತಲ್ಲ. ಸೋಮವಾರನೇ ತೆಂಗಿನ ಬುಡಕ್ಕೆ ಹಾಕ್ಬುಟ್ವಿ.”

ಸೌಮ್ಯ, ನನಗೆ ಕಿವಿ ಇಲ್ಲ. ಆದರೆ ಆ ಮುಖ ಕಂಡೆ. ಸತ್ತ ಸುದ್ದಿ ತಂದಾಗ ಮನೆಯವರ ಮುಖ ಆಗುತ್ತದಲ್ಲ, ಹಾಗಾಯಿತು. ಎದ್ದು ನಿಂತ, ಕೊಳವೆ ಕೆಳಗೆ ಬಿತ್ತು. ಬಾಯಿ ದೊಡ್ಡದಾಗಿ ತೆರೆದು ಕಿರುಚಿದ. ಆ ಮಾತು ನನಗೂ ಸಿಕ್ಕಿತು. “ಅಯ್ಯೋ, ಅಂಥದ್ದು ಇನ್ನೊಂದಿಲ್ಲ ಕಣ್ರೀ!”

ಚಿಕ್ಕಪ್ಪ ನನ್ನ ಕಡೆ ನೋಡಿದರು, ನಾನು ಅವರ ಕಡೆ ನೋಡಿದೆ. ಅವನು ತಕ್ಷಣ ತಗ್ಗಿದ. “ಎಲ್ಲಿ ಹೂತಿದೀರಿ ತೋರಿಸಿ, ನಾನೂ ಅಗೀತೀನಿ” ಎಂದನಂತೆ, ಷರ್ಟಿನ ತೋಳು ಮಡಿಸಿದ. ಚಿಕ್ಕಪ್ಪ, “ಕಾಫಿ ಕುಡ್ದು ಹೊರಡಿ ಸ್ವಾಮಿ. ನಮ್ಮನೆ ಗುಂಡಿ ನಾವು ತೋಡ್ಕೋತೀವಿ” ಅಂದರು. ಕಾಫಿ ಕುಡಿಯಲಿಲ್ಲ. ಕಾರು ಬೇಲಿಯ ಹತ್ತಿರ ತುಂಬ ಹೊತ್ತು ನಿಂತಿತ್ತು. ಅದು ಹೋಗುವವರೆಗೆ ಚಿಕ್ಕಪ್ಪ ತೋಟದ ಕಡೆ ತಿರುಗಿಯೂ ನೋಡಲಿಲ್ಲ. ಗುಂಡಿಯ ಮಣ್ಣು ಇನ್ನೂ ಹಸಿ, ರಸ್ತೆಗೆ ಕಾಣುತ್ತದೆ.

ಆಮೇಲೆ ಗುದ್ದಲಿ ತಂದರು. ಮೇಲಿನ ಮಣ್ಣು ಗುದ್ದಲಿಯಲ್ಲಿ ತೆಗೆದು, ಕೆಳಗಿನದನ್ನು ಬರಿಗೈಯಲ್ಲಿ ತೋಡಿದರು. ನಮ್ಮ ಕೆಂಪು ಮಣ್ಣು, ಕಾರ್ತಿಕದ ಬಿಸಿಲು, ಗೊತ್ತಲ್ಲ. ಮೂರೇ ದಿನಕ್ಕೆ ಗೆದ್ದಲು ಹಿಡಿದಿತ್ತು. ಚರ್ಮದ ಪಟ್ಟಿ ಉಳಿದಿದೆ. ಹಕ್ಕಿಯದು ಒಂದು ತಲೆ, ಒಂದು ರೆಕ್ಕೆ ಉಳಿದಿದೆ. ಕೆಳಗಿನ ಅರ್ಧ ಇಲ್ಲ. ನೀನು ಹೇಳಿದ ಅಕ್ಷರ, ನಂಬರು ಯಾವುದೂ ಇಲ್ಲ. ಕುಚ್ಚು ಪೂರ್ತಿ ಹೋಗಿದೆ. ನಿನ್ನ ಕೈಯಲ್ಲಿ ಇರುವುದೇ ಕೊನೆಯ ಎಳೆ.

ಒಗೆಯಲಿಲ್ಲ. ಮಣ್ಣು ಕೊಡವಿ, ನೆರಳಿನಲ್ಲಿ ಆರಿಸಿ, ಪೆಟ್ಟಿಗೆಗೆ ಮತ್ತೆ ಹೊದಿಸಿದ್ದೇನೆ. ಮುಕ್ಕಾದದ್ದನ್ನು ಹೊದಿಸಬಾರದು ಅಂತಾರೆ. ಅಂದುಕೊಳ್ಳಲಿ ಬಿಡು.

ನಿನ್ನ ಕಾಗದ ಮಾರನೆಯ ದಿನ ಬಂತು. ಚಿಕ್ಕಪ್ಪ ಒಡೆಯದೆ ತಂದು ಕೊಟ್ಟರು. ನಾನೇ ಓದಿ ಅವರ ಕೈಗೆ ಕೊಟ್ಟೆ. ಈ ಕಾಗದವನ್ನೂ ಅಂಟಿಸದೆ ಕೊಡುತ್ತಿದ್ದೇನೆ, ಅವರೇ ಪೋಸ್ಟ್ ಮಾಡುತ್ತಾರೆ.

ನಿನ್ನ ಅಮ್ಮ

ಸೌಮ್ಯ, ರಜಕ್ಕೆ ಬಾ. ಇನ್ನು ಫೋನ್ ಎತ್ತುತ್ತೇನೆ. ಟಾರ್ಚು ತರಬೇಡ. — ಹಾಲಸ್ವಾಮಿ


ಮೈಸೂರು
14 ಡಿಸೆಂಬರ್ 2024

ಅಮ್ಮ, ಚಿಕ್ಕಪ್ಪ, ಇಬ್ಬರಿಗೂ,

ಕೆಳಗಿನ ಆ ಎರಡು ಸಾಲನ್ನು ಓದಿ ಮೆಸ್ಸಿನಲ್ಲೇ ಅತ್ತೆ. ಪವಿತ್ರಾ ಸಾರಿನಲ್ಲಿ ಖಾರ ಜಾಸ್ತಿ ಎಂದು ಎಲ್ಲರಿಗೂ ಹೇಳಿ ಕಾಪಾಡಿದಳು.

ನಿನ್ನೆ ಕಾಲೇಜಿನ ಗೇಟಿನ ಹತ್ತಿರ ಮೋಹನ್ ಕುಮಾರ್ ಸರ್ ಕಾಯುತ್ತಿದ್ದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಬಹಳ ಮೆತ್ತಗೆ ಮಾತಾಡಿದರು, ಅದೇ ಹೆದರಿಕೆ. “ತೆಗೆದ್ರಾ? ಎಷ್ಟು ಉಳಿದಿದೆ?” ಅಂದರು. ಗೆದ್ದಲು ತಿಂದು ನಂಬರು ಹೋಗಿದೆ ಅಂದೆ. ಕಣ್ಣು ಮುಚ್ಚಿಕೊಂಡರು. “ಮುಕ್ಕಾದ್ರೂ ಚಿಂತೆ ಇಲ್ಲಮ್ಮ. ನಂಬರ್ ಒಂದು ಸಿಕ್ಕಿದ್ರೆ ಅದು ಯಾವ ಪಲ್ಟನ್ನಿಂದು ಅಂತ ನಾನು ಸಾಬೀತು ಮಾಡ್ತೀನಿ. ಆಮೇಲೆ ನೋಡು, ಎಲ್ಲೆಲ್ಲಿಂದ ಜನ ನಿಮ್ಮೂರಿಗೆ ಬರ್ತಾರೆ. ನಂಬರ್ ಇಲ್ದೇ ಹೋದ್ರೆ ಅದು ಬರೀ ಚಿಂದಿ. ಫೋಟೊ ಏನಾದ್ರೂ ತೆಗೆದಿದ್ಯಾ?”

ಇಲ್ಲ ಅಂದೆ. ಅವರು ನನ್ನ ಕೈಯಲ್ಲಿದ್ದ ಫೋನನ್ನೇ ನೋಡಿದರು. ಪರ್ಸಿಗೆ ಹಾಕಿಕೊಂಡೆ. ಗೇಟಿನಿಂದ ಹಾಸ್ಟೆಲ್ಲಿನವರೆಗೆ ತಿರುಗಿ ನೋಡದೆ ನಡೆದೆ. ಹಿಂದೆ ಹೆಜ್ಜೆ ಕೇಳಿದ ಹಾಗಾಗುತ್ತಿತ್ತು.

ಫೋಟೊ ಇತ್ತು. ದೀಪಾವಳಿಯಲ್ಲಿ ತೆಗೆದದ್ದು. ಕತ್ತಲಲ್ಲಿ ನೀಲಿಗೆ ಉರಿಯುವ ಅಕ್ಷರ, ನಂಬರು, ಒಂದೂ ಬಿಡದೆ ಸ್ಪಷ್ಟವಾಗಿ. ಅದನ್ನು ಕೊಟ್ಟರೆ ಮುತ್ತಜ್ಜ ಯಾವ ಪಲ್ಟನ್ನಿನವನು, ಎಲ್ಲಿ ನಿಂತು ಗುಂಡು ಕೇಳಿದ, ಜೊತೆಗಿದ್ದವರು ಯಾರು ಎಂದೆಲ್ಲ ತಿಳಿಯುತ್ತಿತ್ತು. ನನಗೂ ತಿಳಿಯುವ ಆಸೆ ಇತ್ತು ಅಮ್ಮ, ಸುಳ್ಳು ಹೇಳುವುದಿಲ್ಲ. ಆದರೆ ಬೇಲಿಯ ಹತ್ತಿರ ಮತ್ತೆ ಕಾರು ನಿಲ್ಲುತ್ತದೆ. ಒಂದಲ್ಲ, ಬೇರೆ ಬೇರೆ. ನೀನು ಜಗಲಿಯಲ್ಲಿ ಕೂತಿರುತ್ತೀಯ. ಕಾರಿನ ಸದ್ದು ನಿನಗೆ ಕೇಳುವುದಿಲ್ಲ.

ಅಳಿಸಿದೆ. ಅಳಿಸಿದ್ದು ಫೋನಿನಲ್ಲಿ ಇನ್ನೊಂದು ಕಡೆ ಉಳಿದಿರುತ್ತದೆ ಎಂದು ಪವಿತ್ರಾ ಹೇಳಿದಳು. ಅಲ್ಲಿಂದಲೂ ಅಳಿಸಿದೆ. ಟಾರ್ಚನ್ನು ಅವಳಿಗೇ ಕೊಟ್ಟೆ.

ಹೆದರಿಕೆ ಹೋಗಿಲ್ಲ. ಈಗಲೂ ಬಾಗಿಲ ಚಿಲಕ ಎದ್ದೆದ್ದು ನೋಡುತ್ತೇನೆ. ಎಳೆ ಕೈಯಲ್ಲೇ ಇದೆ. ಒಗೆಯುವಾಗ ಆ ಕೈಯನ್ನು ಬಕೆಟ್ಟಿನಿಂದ ಹೊರಗಿಟ್ಟುಕೊಂಡು ಒಂದೇ ಕೈಯಲ್ಲಿ ಒಗೆಯುತ್ತೇನೆ. ಎಲ್ಲರೂ ನಗುತ್ತಾರೆ.

ಆ ನಂಬರು ಮಾತ್ರ ಬಾಯಿಪಾಠವಾಗಿಬಿಟ್ಟಿದೆ, ಮರೆಯೋಣ ಎಂದರೂ ಆಗುತ್ತಿಲ್ಲ. ಕಾಗದದಲ್ಲಿ ಬರೆಯುವುದಿಲ್ಲ. ಚಿಕ್ಕಪ್ಪ, ಇಪ್ಪತ್ತೊಂದಕ್ಕೆ ತಿಪಟೂರು ಬಸ್‌ಸ್ಟ್ಯಾಂಡಿಗೆ ಬನ್ನಿ. ಮನೆಗೆ ಬಂದು, ದೇವರ ಕೋಣೆಯಲ್ಲಿ ಅಮ್ಮನ ಎದುರು ನಿಂತು, ತುಟಿ ಕಾಣುವ ಹಾಗೆ, ನಿಧಾನವಾಗಿ, ಒಂದು ಸಲ ಹೇಳುತ್ತೇನೆ. ಸದ್ದು ಮಾಡುವುದಿಲ್ಲ.

ನಿಮ್ಮ
ಸೌಮ್ಯ